ಹುಲ್ಲಿನ ಯಂತ್ರಕ್ಕೆ ಉಸಿರು ಕಟ್ಟಿದ್ದು

ಹಳೆಯ ವಸ್ತುವು ಕೆಟ್ಟರೆ ಮನುಷ್ಯನು ಅದಕ್ಕೆ ವಯಸ್ಸಾಯಿತೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಹೊಸದಾಗಿ ಕೊಂಡದ್ದು ಕೆಟ್ಟಾಗ ಆ ಸಮಾಧಾನಕ್ಕೆ ಎಡೆಯಿಲ್ಲ; ಆದುದರಿಂದ ಸಿಟ್ಟು ಹುಟ್ಟುತ್ತದೆ. ಸಿಟ್ಟಿಗೆ ಒಬ್ಬ ಅಪರಾಧಿಯು ಬೇಕು. ಮಾಡಿದವನು, ಮಾರಿದವನು, ಮುಟ್ಟಿದವನು ಎಂಬ ಮೂವರಲ್ಲಿ ಯಾರಾದರೊಬ್ಬರ ತಲೆಯ ಮೇಲೆ ಅದು ಬೀಳುವುದು ಲೋಕದ ವಾಡಿಕೆ. ದೋಷವೆಲ್ಲಿದೆಯೆಂದು ಆ ವಸ್ತುವನ್ನೇ ಕ್ರಮವಾಗಿ ಕೇಳುವವರು ವಿರಳರು. ಸಿದ್ದಾಪುರದ ಕಡೆಯ ಒಂದು ಕಣಿವೆಯ ಮನೆಯಲ್ಲಿ ಮಳೆಗಾಲದೊಳಗೆ ನಡೆದ ಸಣ್ಣದೊಂದು ಸಂಗತಿಯನ್ನು ಈ ಮಾತಿಗೆ ನಿದರ್ಶನವಾಗಿ ಹೇಳಬಹುದಾಗಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಗಳನ್ನು ನೋಡಿದ ವಾಚಕರಿಗೆ ಅವುಗಳ ಅಂದವನ್ನು ಬಣ್ಣಿಸಬೇಕಾದುದಿಲ್ಲ. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಸುಮಾರು ಒಂಬತ್ತು ಅಡಿಗೊಂದರಂತೆ ಅಡಿಕೆಯ ಮರಗಳು. ಮರವನ್ನು ತಬ್ಬಿ ಏರಿದ ಮೆಣಸಿನ ಬಳ್ಳಿ. ಕೆಳಗೆ ಬಾಳೆ, ಏಲಕ್ಕಿ. ಸಾಲುಗಳ ನಡುವೆ ನೀರು ಬಸಿಯಲು ತೆಗೆದ ಕಾದಿಗೆ. ಮೇಲ್ಗಡೆ ಸೊಪ್ಪಿನ ಬೆಟ್ಟ. ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯ ವರೆಗೆ ಬೆಟ್ಟದ ಸವಲತ್ತನ್ನು ಬ್ರಿಟಿಷರ ಆಳಿಕೆಯಲ್ಲಿ ಘಟ್ಟದ ಮೇಲಣ ತೋಟಿಗರಿಗೆ ಕೊಟ್ಟಿದ್ದರು. ವರ್ಷಕ್ಕೆ ನೂರು ಅಂಗುಲದಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ ಮಿಕ್ಕ ಬೆಳೆಗೆ ಎಷ್ಟೇ ತೊಂದರೆ ಬಂದರೂ ಹುಲ್ಲಿಗೆ ಮಾತ್ರ ಬರಗಾಲವೆಂಬುದಿಲ್ಲ. ಆಷಾಢ ಶ್ರಾವಣಗಳಲ್ಲಿ ಅಂಗಳದ ಅಂಚು, ತೋಟದ ದಾರಿ, ಬೆಟ್ಟದ ಸೆರಗು ಎಲ್ಲವೂ ಮೊಣಕಾಲು ಮುಚ್ಚುವಷ್ಟು ಬೆಳೆದು ನಿಲ್ಲುತ್ತವೆ. ಉಂಬಳಗಳ ಮಾತು ಬೇರೆ.

ಹುಲ್ಲನ್ನು ಯಂತ್ರದಿಂದ ಕತ್ತರಿಸುವ ಯೋಚನೆಯು ಈಚಿನದಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಎಡ್ವಿನ್ ಬಡಿಂಗ್ ಎಂಬವನು ಉಣ್ಣೆಯ ಬಟ್ಟೆಯ ಮೇಲಣ ನವಿರನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು, ಹುಲ್ಲನ್ನೂ ಹೀಗೆಯೇ ಏಕೆ ಕತ್ತರಿಸಬಾರದೆಂದು ಯೋಚಿಸಿ, 1830ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. 1902ರಲ್ಲಿ ಅದೇ ದೇಶದಲ್ಲಿ ಪೆಟ್ರೋಲಿನಿಂದ ನಡೆಯುವಂಥವು ಮಾರಾಟಕ್ಕೆ ಬಂದವು. ಈಗ ಪರದೇಶದ ಗೃಹಸ್ಥರು ಕುರ್ಚಿಯಂತಹ ಆಸನದ ಮೇಲೆ ಕುಳಿತು, ಬಂಡಿ ಹೊಡೆದಂತೆ ಹುಲ್ಲು ಕತ್ತರಿಸುತ್ತಾರೆ. ಆದರೆ ಕಾದಿಗೆ, ದರೆ, ಮೆಟ್ಟಿಲುಗಳ ಈ ನೆಲದಲ್ಲಿ ಅಂತಹ ಬಂಡಿಯು ಹತ್ತು ಮಾರು ಹೋಗಲಾರದು. ಇಲ್ಲಿಗೆ ಒಗ್ಗಿದ್ದು ಹೆಗಲಿಗೆ ತೂಗುಹಾಕಿಕೊಳ್ಳುವ ಯಂತ್ರ. ಉದ್ದನೆಯ ಕೊಳವೆಯ ಒಂದು ತುದಿಯಲ್ಲಿ ಎಂಜಿನು, ಇನ್ನೊಂದು ತುದಿಯಲ್ಲಿ ತಿರುಗುವ ಅಲಗು ಅಥವಾ ನೈಲಾನ್ ದಾರ. ಈ ದಾರದ ಉಪಾಯವು ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲಾಸ್ ಎಂಬವನಿಗೆ 1971ರಲ್ಲಿ, ಮೋಟಾರು ತೊಳೆಯುವಲ್ಲಿ ಗರಗರನೆ ತಿರುಗುವ ಕುಂಚಗಳನ್ನು ನೋಡಿದಾಗ ಹೊಳೆಯಿತು. ಹೀಗೆ ಒಂದು ಕಸುಬಿನ ಕಣ್ಣು ಇನ್ನೊಂದು ಕಸುಬಿಗೆ ಬೆಳಕಾದುದು ಎರಡು ಸಲ.

ಮೇಲೆ ಹೇಳಿದ ಮನೆಯ ಯಜಮಾನರು ಇಂತಹ ಯಂತ್ರವೊಂದನ್ನು ವೈಶಾಖದ ಕೊನೆಗೆ ಪೇಟೆಯಿಂದ ತಂದರು. ಮಗನು ಬೆಂಗಳೂರಿನಲ್ಲಿದ್ದಾನೆ, ಹಣವನ್ನು ಕಳುಹಿಸಿದವನು ಅವನೇ. ಕೊಟ್ಟಿಗೆಯ ಎರಡು ದನಗಳಿಗೆ ಹುಲ್ಲು ತರಲೂ ದಾರಿಯನ್ನು ಬಿಡಿಸಲೂ ಜನ ಸಿಕ್ಕುವುದಿಲ್ಲವೆಂಬುದು ನಿಜವಾದ ಕಾರಣ. ಆದರೆ ಜನ ಒಬ್ಬರೂ ಇರಲಿಲ್ಲವೆಂದಲ್ಲ. ಕೇರಿಯ ಮುದುಕಿಯೊಬ್ಬಳು ಮೂವತ್ತು ಮಳೆಗಾಲ ಆ ತೋಟದ ಹುಲ್ಲನ್ನು ಕತ್ತಿಯಿಂದ ಕೊಯ್ದವಳು. ಈಚೆಗೆ ಅವಳ ಕೈ ನಿಧಾನವಾಗಿತ್ತು. ಯಂತ್ರ ಬಂದ ಮರುದಿನ ಯಜಮಾನರು ಅವಳಿಗೆ, ಈ ವರ್ಷ ಹುಲ್ಲಿಗೆ ಬರಬೇಕಾದುದಿಲ್ಲ ಎಂದು ಹೇಳಿದರು. ಅವಳು ಯಂತ್ರವನ್ನೊಮ್ಮೆ ನೋಡಿ, “ಆತು” ಎಂದಷ್ಟೇ ಹೇಳಿ ಹೋದಳು. ಆ ಒಂದು ಮಾತು ಯಜಮಾನರ ಕಿವಿಯಲ್ಲಿ ಬಹುದಿನ ಉಳಿಯಿತು.

ಅಂಗಡಿಯವನು ಬಂದು ಯಂತ್ರವನ್ನು ಎರಡು ನಿಮಿಷ ನಡೆಸಿ ತೋರಿಸಿ ಹೋಗಿದ್ದನು. ಅಷ್ಟರಲ್ಲಿ ಮಳೆ ಹಿಡಿಯಿತು. ಯಂತ್ರವು ಕೊಟ್ಟಿಗೆಯ ಅಟ್ಟವನ್ನು ಸೇರಿತು. ಬೆರೆಸಿಟ್ಟ ಪೆಟ್ರೋಲಿನ ಡಬ್ಬಿಯು ಅದರ ಪಕ್ಕದಲ್ಲಿ, ಮಾಡಿನ ಸೆರಗಿನ ಕೆಳಗೆ. ಚೌತಿಯ ಹಬ್ಬಕ್ಕೆ ಹದಿನೈದು ದಿನವಿರುವಾಗ ಮಳೆ ಸ್ವಲ್ಪ ಹೊಳವಾಯಿತೆಂದು ಯಜಮಾನರು ಯಂತ್ರವನ್ನು ಇಳಿಸಿದರು. ಹಗ್ಗವನ್ನು ಮೂವತ್ತು ಸಲ ಎಳೆದರೂ ಅದು ಕೆಮ್ಮಲಿಲ್ಲ.

“ಅಪ್ಪಯ್ಯಾ, ಪ್ಲಗ್ ತೆಗೆದು ನೋಡು” ಎಂದನು ಮಗ, ಫೋನಿನಲ್ಲಿ. ಪ್ಲಗ್ಗು ಒದ್ದೆಯಾಗಿತ್ತು. ಡಬ್ಬಿಯ ಪೆಟ್ರೋಲನ್ನು ಗಾಜಿನ ಸೀಸೆಗೆ ಹೊಯ್ದು ನೋಡಿದರೆ ಮೇಲೊಂದು ಪದರ, ಅಡಿಯಲ್ಲಿ ಮಸುಕಾದ ಇನ್ನೊಂದು ಪದರ. ಈಗಿನ ಪೆಟ್ರೋಲು ಶುದ್ಧ ಪೆಟ್ರೋಲಲ್ಲ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಎಂಬ ಮದ್ಯಸಾರವನ್ನು ಸೇರಿಸಿದ್ದನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿ, ಕ್ರಮೇಣ ದೇಶಕ್ಕೆಲ್ಲ ಹಬ್ಬಿಸಲಾಯಿತು. ಎಥನಾಲಿಗೂ ನೀರಿಗೂ ಗಾಢವಾದ ಸ್ನೇಹ. ಸ್ವಲ್ಪ ನೀರು ಸೇರಿದರೆ ಅದು ಒಳಗೇ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಪೆಟ್ರೋಲಿನ ಸಂಗವನ್ನೇ ಬಿಟ್ಟು ನೀರಿನೊಡನೆ ತಳಕ್ಕೆ ಇಳಿಯುತ್ತದೆ. ಸಡಿಲವಾದ ಮುಚ್ಚಳದ ಡಬ್ಬಿಗೆ ಮಾಡಿನ ಹನಿ ಬಿದ್ದಿತ್ತು. ಅಂಗಡಿಯವನನ್ನು ಬೈಯಲು ಸಿದ್ಧವಾಗಿದ್ದ ಯಜಮಾನರು ಡಬ್ಬಿಯನ್ನು ನೋಡಿ ಸುಮ್ಮನಾದರು.

ಹೊಸ ಪೆಟ್ರೋಲು ಬಂದಿತು. ಎರಡು ಹೊಡೆತದ ಈ ಜಾತಿಯ ಎಂಜಿನಿಗೆ ಎಣ್ಣೆಯ ಬೇರೆ ಮನೆಯಿಲ್ಲ. ಪೆಟ್ರೋಲಿನೊಡನೆ ಬೆರೆತು ಹೋದ ಎಣ್ಣೆಯೇ ಒಳಗಿನ ಅಂಗಗಳನ್ನು ಸವೆಯದಂತೆ ಕಾಯಬೇಕು. ಆ ಯಂತ್ರದ ಕೈಪಿಡಿಯಲ್ಲಿ 25ಕ್ಕೆ 1, ಎಂದರೆ ಲೀಟರಿಗೆ 40 ಮಿಲಿಲೀಟರು ಎಂದಿತ್ತು. ಕೆಲವಕ್ಕೆ 50ಕ್ಕೆ 1 ಸಾಕಾಗುತ್ತದೆ. ಎಣ್ಣೆ ಕಡಿಮೆಯಾದರೆ ಎಂಜಿನು ಬಿಸಿಯಾಗಿ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆಯುಗುಳಿ ಪ್ಲಗ್ಗಿಗೆ ಮಸಿ ಹಿಡಿಸುತ್ತದೆ. ಔಷಧದ ಅನುಪಾನದಂತೆ ಅಳೆದು ಬೆರೆಸಿದ ಮೇಲೆ ಯಂತ್ರವು ನಾಲ್ಕನೆಯ ಎಳೆತಕ್ಕೆ ಹೊತ್ತಿಕೊಂಡಿತು. ಅಂಗಳದ ಅಂಚು ಬಯಲಾಯಿತು. ಹತ್ತು ನಿಮಿಷವಾಗುತ್ತಲೆ ಎಂಜಿನು ಏಕಾಏಕಿ ಸ್ವರವೇರಿಸಿ, ಒದರಿ, ನಿಂತುಹೋಯಿತು.

ಮುಂದೆ ಮೂರು ದಿನ ಇದೇ ಕಥೆ. ಹತ್ತು ನಿಮಿಷ ನಡೆಯುವುದು, ನಿಲ್ಲುವುದು. ಅರ್ಧ ತಾಸು ಬಿಟ್ಟರೆ ಮತ್ತೆ ನಡೆಯುವುದು. ಅಭಿಪ್ರಾಯಗಳಿಗೆ ಕೊರತೆಯಿರಲಿಲ್ಲ. ಯಲ್ಲಾಪುರದ ಭಾವನು, ಹೊಗೆಯ ಕೊಳವೆಯಲ್ಲಿ ಮಸಿ ಕಟ್ಟಿದೆ ಎಂದನು. ನೆರೆಮನೆಯ ಹುಡುಗನು ಗಾಳಿಯ ಜರಡಿಯನ್ನು ತೊಳೆದನು. ಪೇಟೆಯ ದುರಸ್ತಿಯವನು ಐದು ನಿಮಿಷ ನಡೆಸಿ ನೋಡಿ, ಇಲ್ಲಿ ಏನೂ ದೋಷವಿಲ್ಲ ಎಂದನು. ಮತ್ತೆ ಯೋಚಿಸಿ, ಬಿಸಿಯಾದಾಗ ಕಾಯಿಲು ಕೆಡುತ್ತಿರಬಹುದು, ಹೊಸದನ್ನು ಹಾಕೋಣ ಎಂದನು. ಎಲ್ಲರ ಮಾತಿನ ತಿರುಳೂ ಒಂದೇ: ಬಿಸಿ. ಬಿಸಿಯಾದಾಗ ನಿಲ್ಲುತ್ತದೆ, ಆರಿದಾಗ ನಡೆಯುತ್ತದೆ; ಆದುದರಿಂದ ಬಿಸಿಯೇ ಕಾರಣ.

ಯಜಮಾನರು ಎಳೆತನದಲ್ಲಿ ಎರಡು ವರ್ಷ ತರ್ಕವನ್ನು ಓದಿದ್ದವರು. ಓದಿದ್ದು ಮರೆತಿದ್ದರೂ ಒಂದು ಸಂಶಯ ಉಳಿದಿತ್ತು. ಬಿಸಿಯಾಗುವುದೂ ಹತ್ತು ನಿಮಿಷ ಕಳೆಯುವುದೂ ಒಟ್ಟಿಗೆ ನಡೆಯುತ್ತವೆ. ಇವೆರಡರಲ್ಲಿ ಕಾರಣವು ಯಾವುದು? ಕಾಗೆ ಕೂತದ್ದಕ್ಕೆ ತಾಳೆಯ ಹಣ್ಣು ಬಿದ್ದಿತೆನ್ನುವಂತೆ ಇದೂ ಆಗಿರಬಾರದೇಕೆ? ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರಲ್ಲದೆ ನಿರ್ಣಯವಿಲ್ಲ. ಹಾಗಾದರೆ ಬಿಸಿಯನ್ನು ಹಾಗೆಯೇ ಉಳಿಸಿ, ಉಳಿದುದರಲ್ಲಿ ಒಂದೊಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಮ್ಮೆಗೇ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ನಾಲ್ಕನೆಯ ದಿನ ಯಂತ್ರವು ನಿಂತೊಡನೆ, ಮುಟ್ಟಿದರೆ ಕೈ ಸುಡುವಂತಿರುವಾಗಲೇ, ಪ್ಲಗ್ಗನ್ನು ಒರೆಸಿ ಹಗ್ಗ ಎಳೆದರು. ಹೊತ್ತಲಿಲ್ಲ. ಜರಡಿಯನ್ನು ತೆಗೆದು ಎಳೆದರು. ಹೊತ್ತಲಿಲ್ಲ. ಕೊನೆಗೆ, ಪೆಟ್ರೋಲು ಎಷ್ಟು ಉಳಿದಿದೆಯೆಂದು ನೋಡಲು ಎಂಜಿನಿನಿಂದ ದೂರವಾದ ಬದಿಗೆ ಯಂತ್ರವನ್ನು ವಾಲಿಸಿ ಟಾಂಕಿಯ ಮುಚ್ಚಳವನ್ನು ಮೆಲ್ಲನೆ ತಿರುಗಿಸಿದರು. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿಸಿತು. ಮುಚ್ಚಳವನ್ನು ಮತ್ತೆ ಹಾಕಿ ಹಗ್ಗ ಎಳೆದರೆ ಮೊದಲನೆಯ ಎಳೆತಕ್ಕೇ ಎಂಜಿನು ಹೊತ್ತಿಕೊಂಡಿತು. ಬಿಸಿ ಹಾಗೆಯೇ ಇತ್ತು, ಕಾಯಿಲು ಅದೇ. ಬದಲಾದುದು ಗಾಳಿಯೊಂದೇ. ಇನ್ನೆರಡು ಸಲ ಪರೀಕ್ಷಿಸಿದರು. ಎರಡು ಸಲವೂ ಅದೇ ಫಲ.

ಪೂಜೆಯ ಗಿಂಡಿಯನ್ನು ಹಿಡಿದ ಕೈಗೆ ಇದರ ಮರ್ಮವು ತಿಳಿಯದೆ ಇರದು. ತುಂಬಿದ ಗಿಂಡಿಯ ಬಾಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಬಗ್ಗಿಸಿದರೆ ಕೊಂಬಿನಿಂದ ನೀರು ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಒಳಗಿನ ನೀರು ಹೋದಷ್ಟೂ ಹೊರಗಿನ ಗಾಳಿಯು ಆ ತೆರವನ್ನು ತುಂಬಬೇಕು. ಅದಕ್ಕಾಗಿಯೇ ಟಾಂಕಿಯ ಮುಚ್ಚಳದಲ್ಲಿ ಸೂಜಿಯ ಮೊನೆಯಷ್ಟು ರಂಧ್ರವಿರುತ್ತದೆ. ಅದು ಕಟ್ಟಿದರೆ ಟಾಂಕಿಯು ಬರಿದಾದಂತೆಲ್ಲ ಒಳಗಿನ ಎಳೆತ ಬಲವಾಗಿ, ಕಾರ್ಬುರೇಟರಿನ ಪುಟ್ಟ ಪೊರೆಯು ಪೆಟ್ರೋಲನ್ನು ಹೀರಲಾರದಾಗುತ್ತದೆ. ಸಾಯುವ ಮೊದಲು ಎಂಜಿನು ಸ್ವರವೇರಿಸುತ್ತಿದ್ದುದು ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದುದರಿಂದ. ಅರ್ಧ ತಾಸಿನಲ್ಲಿ ಎಲ್ಲಿಂದಲೋ ಗಾಳಿ ಜಿನುಗಿ ಒಳಸೇರುತ್ತಿತ್ತು. ಅದನ್ನೇ ಜನರು ಬಿಸಿ ಆರಿತೆಂದು ತಿಳಿದರು.

ಆದರೆ ರಂಧ್ರವೆಲ್ಲಿ? ಮುಚ್ಚಳದ ಮೇಲೆಲ್ಲ ಹುಲ್ಲಿನ ರಸವೂ ಕೆಸರೂ ಮೆತ್ತಿಕೊಂಡಿದ್ದುವು. ಯಜಮಾನರು ಕನ್ನಡಕವನ್ನೇರಿಸಿ ಹುಡುಕುತ್ತಿರುವಾಗ ಆ ಮುದುಕಿಯು ಎರಡು ಕಳಲೆಗಳನ್ನು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಮಳೆಗಾಲದಲ್ಲಿ ಕಳಲೆ ತಂದುಕೊಡುವುದು ಅವಳ ವಾಡಿಕೆ. ಕೆಲಸ ತಪ್ಪಿತೆಂದು ಅವಳು ವಾಡಿಕೆಯನ್ನು ತಪ್ಪಿಸಿರಲಿಲ್ಲ. ಬಗ್ಗಿ ನೋಡಿ ಅವಳು ಹೇಳಿದಳು: “ಹೆಗ್ಡೇರೇ, ಅದು ಕೆಸರಲ್ಲ. ಕುಂಬಾರ ಹುಳದ ಮನೆ ನೋಡ್ರಾ.”

ಹಿಡಿಕಡ್ಡಿಯಿಂದ ಕೆರೆದಾಗ ಮುಚ್ಚಳದ ತಗ್ಗಿನಿಂದ ಮಣ್ಣಿನ ಬಿಲ್ಲೆಯೊಂದು ಕಳಚಿ ಬಿದ್ದಿತು. ಅಟ್ಟದ ಮೇಲೆ ಯಂತ್ರವು ಮಲಗಿದ್ದಾಗ ಹುಳವು ಮನೆಯನ್ನು ಕಟ್ಟಿ, ಮರಿಯನ್ನು ಸಾಕಿ, ಹಾರಿಹೋಗಿತ್ತು. ತಳದ ಮಣ್ಣು ಮಾತ್ರ ರಂಧ್ರದೊಳಗೆ ಗಟ್ಟಿಯಾಗಿ ಕುಳಿತಿತ್ತು. ಈ ಜಾತಿಯ ಹುಳುವನ್ನೇ ವೇದಾಂತಿಗಳು ಭ್ರಮರಕೀಟ ನ್ಯಾಯದಲ್ಲಿ ಬಳಸಿದ್ದಾರೆ: ಅದು ತಂದಿಟ್ಟ ಕೀಟವು ಅದನ್ನೇ ಧ್ಯಾನಿಸಿ ಧ್ಯಾನಿಸಿ ಅದರ ರೂಪವನ್ನೇ ತಾಳುತ್ತದೆಯಂತೆ. ತಂದ ಕೀಟವು ಮರಿಯ ಆಹಾರವೆಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತಿದೆ. ದೃಷ್ಟಾಂತದ ಅಂದವು ಅದರಿಂದ ಕೆಡುವುದಿಲ್ಲವಾದರೂ, ಹತ್ತಿರ ಹೋಗಿ ನೋಡುವುದು ಒಳ್ಳೆಯದೆಂಬ ಬುದ್ಧಿಯು ಅದರಿಂದಲೂ ಬರುತ್ತದೆ. ರಂಧ್ರಕ್ಕೆ ಸೂಜಿಯಾಡಿಸಿದ ಮೇಲೆ ಯಂತ್ರವು ಒಂದು ತಾಸು ನಿಲ್ಲದೆ ನಡೆಯಿತು. ಹೊಸ ಕಾಯಿಲಿನ ಹಣ ಉಳಿಯಿತು.

ಕಥೆಯು ಇಲ್ಲಿಗೆ ಮುಗಿಯಬಹುದಾಗಿತ್ತು. ಉತ್ಸಾಹದಿಂದ ಯಜಮಾನರು ಆ ಸಂಜೆ ಯಂತ್ರವನ್ನು ತೋಟಕ್ಕಿಳಿಸಿದರು. ಮರುದಿನ ನೋಡುವಾಗ ಎರಡು ಮರಗಳ ಮೆಣಸಿನ ಬಳ್ಳಿಯ ಎಲೆಗಳು ಜೋತುಬಿದ್ದಿದ್ದುವು. ಬುಡದ ಹುಲ್ಲಿನೊಡನೆ ಬಳ್ಳಿಯ ಬುಡವೂ ಹೋಗಿತ್ತು. ಎಡಗೈಯಿಂದ ಹುಲ್ಲನ್ನು ಹಿಡಿದು ಬಲಗೈಯಿಂದ ಕೊಯ್ಯುವವಳಿಗೆ ಹುಲ್ಲು ಯಾವುದು, ಬಳ್ಳಿ ಯಾವುದು ಎಂಬುದನ್ನು ಆ ಎಡಗೈಯೇ ಹೇಳುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ದಾರಕ್ಕೆ ಎಡಗೈಯಿಲ್ಲ. ಮೂವತ್ತು ಮಳೆಗಾಲದಲ್ಲಿ ಅವಳ ಕತ್ತಿಗೆ ಬಳ್ಳಿಯೊಂದೂ ಸಿಕ್ಕಿರಲಿಲ್ಲವೆಂಬುದು ಯಜಮಾನರಿಗೆ ಆಗ ನೆನಪಾಯಿತು. ಆಗದೆ ಇದ್ದ ನಷ್ಟವನ್ನು ಯಾರೂ ಲೆಕ್ಕದ ವಹಿಯಲ್ಲಿ ಬರೆಯುವುದಿಲ್ಲ.

ಅವರು ಕೇರಿಗೆ ಹೇಳಿಕಳುಹಿಸಲಿಲ್ಲ. ತಾವೇ ನಡೆದು ಹೋದರು. ಹೋಗಿ, ತೋಟದ ಬುಡದ ಹುಲ್ಲಿಗೆ ನೀನೇ ಬರಬೇಕು, ಕೈ ನಿಧಾನವಾದರೆ ಆಗಲಿ ಎಂದರು. ಅವಳು ಆಗಲೂ “ಆತು” ಎಂದಳು. ಮಾತು ಅದೇ ಆದರೂ ಈ ಸಲ ಅದು ಕಿವಿಯನ್ನು ಚುಚ್ಚಲಿಲ್ಲ.

ಈಗ ಅಲ್ಲಿ ದಾರಿ, ದರೆ, ಬೆಟ್ಟದ ಸೆರಗು ಯಂತ್ರದ ಪಾಲು. ಮರದ ಬುಡವು ಕತ್ತಿಯ ಪಾಲು. ಕಲ್ಲು ಸಿಡಿಯುವ ಭಯವಿರುವುದರಿಂದ ಯಂತ್ರವು ನಡೆಯುವಾಗ ಐವತ್ತು ಅಡಿಯೊಳಗೆ ಯಾರೂ ಬರತಕ್ಕದ್ದಲ್ಲ. ಹಿಡಿದವರು ಕಣ್ಣಿಗೆ ಕನ್ನಡಕವಿಲ್ಲದೆ ಹಿಡಿಯತಕ್ಕದ್ದಲ್ಲ. ಪೆಟ್ರೋಲನ್ನು ಬೇಕಾದಷ್ಟೇ ತಂದು ಬೆರೆಸುತ್ತಾರೆ. ಕೆಲಸ ತೀರಿದ ಮೇಲೆ ಟಾಂಕಿಯನ್ನು ಬರಿದುಮಾಡಿ, ಕಾರ್ಬುರೇಟರಿನಲ್ಲಿ ಉಳಿದುದು ಉರಿದು ತಾನಾಗಿ ನಿಲ್ಲುವವರೆಗೆ ಎಂಜಿನನ್ನು ನಡೆಸಿ, ಮುಚ್ಚಳಕ್ಕೆ ಬಟ್ಟೆಯ ತುಂಡನ್ನು ಕಟ್ಟಿ ಅಟ್ಟಕ್ಕೇರಿಸುತ್ತಾರೆ. ಕತ್ತಿಯನ್ನು ಅವಳು ಮಸೆದು, ಒರೆಸಿ, ಅದೇ ಅಟ್ಟದ ತೊಲೆಗೆ ಸಿಕ್ಕಿಸುತ್ತಾಳೆ. ಬಟ್ಟೆಯನ್ನು ಕಟ್ಟುವುದು ಯಜಮಾನರಿಗೆ ಮರೆತರೆ ನೆನಪಿಸುವವಳೂ ಅವಳೇ.