ಅರ್ಜಿಯಿಲ್ಲದೆ ಹೊಕ್ಕ ಸೌಧ

ಸರಕಾರಿ ಕಚೇರಿಯ ಮೆಟ್ಟಿಲನ್ನು ನಾನು ಬರಿಗೈಯಲ್ಲಿ ಹತ್ತಿದವನಲ್ಲ. ಕೈಯಲ್ಲಿ ಒಂದು ಅರ್ಜಿ, ಅದರೊಡನೆ ನಾಲ್ಕು ನಕಲು, ಮನಸ್ಸಿನಲ್ಲಿ ಅಳುಕು. ಇವು ಮೂರೂ ಕೂಡಿಯೇ ನನ್ನ ಜತೆಗೆ ಒಳಹೊಗುತ್ತಿದ್ದುವು. ನಿವೃತ್ತಿವೇತನದ ಕಾಗದಗಳಿಗಾಗಿ ಒಂದು ಕಚೇರಿಗೆ ಹದಿನಾಲ್ಕು ಸಲ ಅಲೆದವನಿಗೆ ಅಂಥ ಕಟ್ಟಡಗಳ ಮೇಲೆ ಪ್ರೀತಿ ಹುಟ್ಟುವುದೆಂತು? ಆದುದರಿಂದ 2023ರಲ್ಲಿ ಮುಂಬಯಿಯ ಮಗನ ಮನೆಯಲ್ಲಿದ್ದಾಗ, ಆತನು “ಅಪ್ಪಾ, ಭಾನುವಾರ ಮಹಾನಗರಪಾಲಿಕೆಯ ಕಟ್ಟಡವನ್ನು ಸುತ್ತಿಸಿ ತೋರಿಸುತ್ತಾರೆ, ಹೋಗಿ ಬನ್ನಿ” ಎಂದಾಗ ನಕ್ಕುಬಿಟ್ಟೆನು. ದುಡ್ಡು ತೆತ್ತು ಕಚೇರಿಯನ್ನು ನೋಡುವುದೆ!

ಆದರೂ ಹೋದೆನು. ಬೋರಿಬಂದರದ ರೈಲುನಿಲ್ದಾಣಕ್ಕೆ ಎದುರಾಗಿ ಆ ಸೌಧವು ನಿಂತಿದೆ. ನಿಲ್ದಾಣವನ್ನು ರಚಿಸಿದ ಫ್ರೆಡರಿಕ್ ವಿಲಿಯಂ ಸ್ಟೀವನ್ಸನೇ ಇದಕ್ಕೂ ವಾಸ್ತುಶಿಲ್ಪಿ. 1884ರ ಡಿಸೆಂಬರಿನಲ್ಲಿ ಲಾರ್ಡ್ ರಿಪ್ಪನನು ಅಸ್ತಿಭಾರದ ಕಲ್ಲನ್ನಿಟ್ಟನು. ಕೆಲಸವು ಮೊದಲಾದುದು 1889ರಲ್ಲಿ, ಮುಗಿದುದು 1893ರಲ್ಲಿ. ಗೋಪುರದ ಎತ್ತರ 255 ಅಡಿ. ವೆನಿಸ್ಸಿನ ಬಗೆಯ ಕಮಾನುಗಳ ಮೇಲೆ ನಮ್ಮ ದೇಶದ ಗುಮ್ಮಟವು ಕುಳಿತಿರುವುದು. ಪಾಠಶಾಲೆಯಲ್ಲಿ ಕಲಿತ ನನಗೆ ಅದು ಮಣಿಪ್ರವಾಳದ ಪದ್ಯದಂತೆ ತೋರಿತು. ಮೊದಲು ಹುಬ್ಬುಗಂಟಿಕ್ಕಿದೆನು, ಬರಬರುತ್ತ ಒಗ್ಗಿತು.

ನಮಗೆ ದಾರಿ ತೋರಿದವಳು ಇಪ್ಪತ್ತೈದರ ಒಳಗಿನ ಹುಡುಗಿ. ನೆತ್ತಿಯ ಮೇಲಿನ ರೆಕ್ಕೆಯುಳ್ಳ ಸ್ತ್ರೀಪ್ರತಿಮೆಯನ್ನು ತೋರಿಸಿ, ಅದು ‘ಊರ್ಬ್ಸ್ ಪ್ರೀಮಾ ಇನ್ ಇಂಡಿಸ್’, ಎಂದರೆ ಹಿಂದೂಸ್ಥಾನದ ಪ್ರಥಮ ನಗರಿಯ ಸಂಕೇತವೆಂದಳು. ಲ್ಯಾಟಿನ್ನಿನ ಆ ‘ಪ್ರೀಮಾ’ ನಮ್ಮ ‘ಪ್ರಥಮಾ’ಳಿಗೆ ದೂರದ ಬಂಧುವಲ್ಲವೆ! ಅನಂತರ ಲೆಕ್ಕ ಹೇಳಿದಳು: ಅಂದಾಜಿನ ವೆಚ್ಚ 11,88,082 ರೂಪಾಯಿ, ಆದ ವೆಚ್ಚ 11,19,969. ಉಳಿದ 68,113 ರೂಪಾಯಿಗಳನ್ನು ತಾನೇ ಉಳಿಸಿದಂತೆ ಅವಳ ಮುಖವು ಅರಳಿತು. ಶಾಲೆಗೆ ಎರಡು ಕೊಠಡಿ ಕಟ್ಟಿಸುವಾಗಲೇ ಅಂದಾಜು ಮೀರಿದ್ದನ್ನು ಕಂಡ ನಾನು, ಆ ಅಂಕೆಗಳನ್ನು ಎರಡನೆಯ ಸಲ ಕೇಳಿ ಗುರುತುಮಾಡಿಕೊಂಡೆನು.

ಗುಮ್ಮಟದಡಿಯ ಮೆಟ್ಟಿಲುಗಳನ್ನೇರಿ ಸಭಾಗೃಹವನ್ನು ಹೊಕ್ಕೆವು. ನನ್ನನ್ನು ಹಿಡಿದು ನಿಲ್ಲಿಸಿದುದು ಇದು. ಸ್ಥಳೀಯ ಸ್ವರಾಜ್ಯವನ್ನು ಕುರಿತ ರಿಪ್ಪನನ 1882ರ ನಿರ್ಣಯವನ್ನು ವರ್ಷವರ್ಷವೂ ಮಕ್ಕಳಿಗೆ ಉರುಹೊಡೆಯಿಸಿದವನು ನಾನು. ಮಕ್ಕಳು ತೂಕಡಿಸುತ್ತಿದ್ದರು, ನಿಜ ಹೇಳಬೇಕಾದರೆ ನಾನೂ. ಮುಂಬಯಿಯಲ್ಲಾದರೋ ಅದಕ್ಕೆ ಮೊದಲೇ, 1872ರ ಕಾನೂನಿನಂತೆ, 64 ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಕಂದಾಯ ಕೊಡುವವರೇ ಆರಿಸುತ್ತಿದ್ದರು. 1888ರ ಕಾನೂನಿಗಾಗಿ ದುಡಿದ ಫಿರೋಜಶಹಾ ಮೆಹತಾ ಅವರ ಪ್ರತಿಮೆಯು ಸೌಧದ ಮುಂದೆಯೇ ಇದೆ. ಪುಸ್ತಕದ ಒಣ ಅಕ್ಷರಗಳಿಗೆ ಅಲ್ಲಿ ಮರದ ಕುರ್ಚಿಗಳಿದ್ದುವು, ಕೂಡುವ ಜಾಗವಿತ್ತು.

ಕೂಡುವವರು ಮಾತ್ರ ಇರಲಿಲ್ಲ.

“ಇಲ್ಲಿ ಸಭೆ ಯಾವಾಗ, ತಾಯೀ?” ಎಂದು ನನ್ನ ಹರುಕು ಹಿಂದಿಯಲ್ಲಿ ಕೇಳಿದೆನು.

“ಈಗ ಸದಸ್ಯರಿಲ್ಲ ಕಾಕಾ, ಚುನಾವಣೆ ಆಗಬೇಕು” ಎಂದಳು.

2022ರ ಮಾರ್ಚಿಯಲ್ಲಿ 227 ಸದಸ್ಯರ ಅವಧಿ ಮುಗಿದು, ಆಡಳಿತಾಧಿಕಾರಿಯ ಕೈಯಲ್ಲಿ ಪಾಲಿಕೆ ಇತ್ತು. (ಮತ್ತೆ ಚುನಾವಣೆ ನಡೆಯಿತು, 2026ರ ಜನವರಿಯಲ್ಲಿ.) ಪ್ರೇಕ್ಷಕರಿಂದ ತುಂಬಿ ಸದಸ್ಯರಿಲ್ಲದ ಆ ಸಭೆಯಲ್ಲಿ ಎಲ್ಲರೂ ಚಿತ್ರ ತೆಗೆದುಕೊಂಡರು. ನಾನು ಒಂದು ಕುರ್ಚಿಯ ಬೆನ್ನನ್ನು ಮುಟ್ಟಿ ನೋಡಿದೆನು, ಯಾರೂ ಬೈಯಲಿಲ್ಲ. ಕಚೇರಿಯೊಂದರಲ್ಲಿ ಯಾರೂ ನನ್ನನ್ನು “ನಾಳೆ ಬನ್ನಿ” ಎನ್ನದಿದ್ದುದು ಅದೇ ಮೊದಲು.

ಹೊರಗೆ ಬರುವಾಗ, ಬಾಗಿಲ ಬಳಿ ಒಬ್ಬ ಹೆಂಗಸು ಕಾಗದದ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದಳು. ಭಾನುವಾರವೆಂದು ಕಾವಲುಗಾರನು ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಒಳಗಿನಿಂದ ಬಂದ ನನ್ನನ್ನು ನೌಕರನೆಂದೇ ತಿಳಿದಳೋ ಏನೋ, “ಸಾಹೇಬರೆ, ನೀರಿನ ಅರ್ಜಿಯನ್ನು ಯಾವ ಕೋಣೆಯಲ್ಲಿ ಕೊಡಬೇಕು?” ಎಂದು ಕೇಳಿದಳು. ಗೋಪುರದ ಎತ್ತರವನ್ನೂ ಉಳಿತಾಯದ ಹಣವನ್ನೂ ಬಾಯಿಪಾಠ ಮಾಡಿಕೊಂಡಿದ್ದ ನಾನು ಅದೊಂದನ್ನು ಹೇಳಲಾರದೆ ನಿಂತೆನು.