ಮಾತು ಕೊಟ್ಟ ಮೇಲೆ

‘ನಿಮ್ಮ ಖಾಸಗಿತನವನ್ನು ಗೌರವಿಸುತ್ತೇವೆ.’ ಕಂಪನಿಗಳ ಪ್ರೈವೆಸಿ ಪಾಲಿಸಿಗಳು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತವೆ. ಗ್ರಾಹಕರು ಓದದೆಯೇ ಒಪ್ಪಿಗೆ ಒತ್ತಿ ಮುಂದೆ ಹೋಗುತ್ತಾರೆ. ಸಾಫ್ಟ್‌ವೇರ್‌ಗೆ ರಿಕ್ವೈರ್‌ಮೆಂಟ್ ಬರೆಯುವವರಿಗೆ ಮಾತ್ರ ಅಲ್ಲಿಂದಲೇ ಹಬ್ಬ. ‘ಗೌರವಿಸು’ ಎಂದರೆ ಪ್ರೋಗ್ರಾಮ್ ಏನು ಮಾಡಬೇಕು? ಏನೂ ಸಿಗುವುದಿಲ್ಲ. ಮುಂದಿನ ಸಾಲು: ‘ಖಾತೆ ಮುಚ್ಚಿದರೆ ನಿಮ್ಮ ಮಾಹಿತಿ ಅಳಿಸುತ್ತೇವೆ.’ ಇದರಲ್ಲಿ ಜೀವವಿದೆ.

ಎಲ್ಲಿಂದ ಅಳಿಸುವುದು? ಡೇಟಾಬೇಸಿನಿಂದ ಹೋದರೂ ಹಿಂದಿನ ರಾತ್ರಿಯ ಬ್ಯಾಕಪ್ಪಿನಲ್ಲಿ ಉಳಿದಿರುತ್ತದೆ. ಸರ್ವರಿನ ಲಾಗ್‌ನಲ್ಲಿ ಇಮೇಲ್ ವಿಳಾಸ ಕೂತಿರುತ್ತದೆ. ಜಾಹೀರಾತು ಸಂಸ್ಥೆಗೆ ಆಗಲೇ ಒಂದು ಪ್ರತಿ ಹೋಗಿರುತ್ತದೆ. ತೆರಿಗೆ ಲೆಕ್ಕಕ್ಕಾಗಿ ಬಿಲ್ಲುಗಳನ್ನು ಇಟ್ಟುಕೊಳ್ಳಲೇಬೇಕು. ಕೆದಕುತ್ತಾ ಹೋದಂತೆ ಕೊನೆಗೊಂದು ಸಾಲು ಹುಟ್ಟುತ್ತದೆ: ‘ಬ್ಯಾಕಪ್ಪಿನಿಂದ ಡೇಟಾ ಮರಳಿ ತುಂಬಿದಾಗ, ಅಳಿಸಿದ ಖಾತೆಗಳು ಮತ್ತೆ ತಲೆಯೆತ್ತಬಾರದು.’ ಇಂಥ ಸಾಲು ಕೈಗೆ ಸಿಕ್ಕಾಗಿನ ಖುಷಿಗೆ ಸಾಟಿಯಿಲ್ಲ. ಅದನ್ನು ಟೆಸ್ಟ್ ಮಾಡಿ ನೋಡಬಹುದು.

ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆನಿ ಆಂಟನ್ ಮತ್ತು ಜೂಲಿಯಾ ಅರ್ಪ್ ಪಾಲಿಸಿಯ ಮಾತನ್ನು ಹೀಗೆ ಕೆದಕುವುದನ್ನೇ ಒಂದು ಪದ್ಧತಿಯಾಗಿ ಬೆಳೆಸಿದರು. ಪಾಲಿಸಿಯ ವಾಕ್ಯಗಳನ್ನು ಹೆಕ್ಕಿ ಗುರಿಗಳಾಗಿ ಬರೆದು, ಗ್ರಾಹಕರನ್ನು ಕಾಯುವಂಥವನ್ನು ಒಂದು ಕಡೆ, ಅವರಿಗೆ ಕುತ್ತು ತರಬಹುದಾದವನ್ನು ಇನ್ನೊಂದು ಕಡೆ ಇಟ್ಟರು. ಎರಡನೆಯ ಗುಂಪನ್ನೇ ಮೊದಲು ಓದಬೇಕು.

ಮಾತು ಕೋಡ್‌ಗೆ ಇಳಿಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಎಲೈ ಲಿಲ್ಲಿ ಔಷಧ ಕಂಪನಿಯ ಪ್ರಕರಣವಿದೆ. ಖಿನ್ನತೆಯ ಔಷಧ ಪ್ರೋಜ್ಯಾಕ್‌ನ ಜಾಲತಾಣದಲ್ಲಿ ಮಾತ್ರೆಯ ಹೊತ್ತು ನೆನಪಿಸುವ ಇಮೇಲ್ ಸೇವೆಯಿತ್ತು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಇಮೇಲ್ ಹೋಗುತ್ತಿತ್ತು. 2001ರ ಜೂನ್ 27ರಂದು, ಸೇವೆ ನಿಲ್ಲುತ್ತಿದೆಯೆಂದು ತಿಳಿಸಲು ಸಿಬ್ಬಂದಿಯೊಬ್ಬರು ಹೊಸ ಪ್ರೋಗ್ರಾಮ್ ಬರೆದರು. ಆ ಇಮೇಲಿನ ‘ಟು’ ಸಾಲಿನಲ್ಲಿ 669 ವಿಳಾಸಗಳೂ ಎಲ್ಲರಿಗೂ ಕಾಣಿಸಿದವು. ಖಾಸಗಿತನ ಕಾಯುವ ಮಾತು ಪಾಲಿಸಿಯಲ್ಲಿತ್ತು. ‘ಒಂದು ಇಮೇಲಿಗೆ ಒಂದೇ ವಿಳಾಸ’ ಎಂಬ ನಿಯಮವೂ, ಕಳಿಸುವ ಮುನ್ನ ಅದನ್ನು ನೋಡುವ ಟೆಸ್ಟೂ ಇದ್ದಿದ್ದರೆ ಅಷ್ಟು ಜನರ ಗುಟ್ಟು ಬಯಲಾಗುತ್ತಿರಲಿಲ್ಲ.

ಟ್ವಿಟರ್‌ನದು ಬೇರೆ ಕಥೆ. ಖಾತೆಯ ಭದ್ರತೆಗೆಂದು ಪಡೆದ ಫೋನ್ ನಂಬರುಗಳನ್ನು ಜಾಹೀರಾತಿಗೂ ಬಳಸಿದ್ದಕ್ಕೆ ಅದು 2022ರಲ್ಲಿ 15 ಕೋಟಿ ಡಾಲರ್ ದಂಡ ತೆರಬೇಕಾಯಿತು. ಒಪ್ಪಿಗೆ ಪಡೆದ ಉದ್ದೇಶಕ್ಕಷ್ಟೇ ಮಾಹಿತಿ ಬಳಸಬೇಕೆಂಬ ಕಟ್ಟು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ಕಸುಬು ಬಲ್ಲವರು ಅದನ್ನು ಹೀಗೆ ಬರೆಯುತ್ತಾರೆ: ಪ್ರತಿ ನಂಬರಿನ ಜೊತೆಗೆ, ಯಾಕೆ ಪಡೆದದ್ದು ಎಂಬುದೂ ದಾಖಲಾಗಿರಬೇಕು, ‘ಭದ್ರತೆ’ ಎಂದಿರುವ ನಂಬರನ್ನು ಜಾಹೀರಾತಿನ ಪ್ರೋಗ್ರಾಮ್ ಕೇಳಿದರೆ ಸಿಸ್ಟಮ್ ಕೊಡಕೂಡದು, ಕೇಳಿದ್ದನ್ನು ಬರೆದಿಡಬೇಕು.