ಯಾರ ಸೇರು?

ಮೊನ್ನೆ ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೊರಟ ಬಸ್ಸು ಹೊರೆಕಾಣಿಕೆ ಮೆರವಣಿಗೆಗೆ ಸಿಕ್ಕಿ ನಿಂತಿತು. ಪಿಕಪ್ಪುಗಳ ತುಂಬ ತೆಂಗಿನಕಾಯಿ, ಕುಂಬಳಕಾಯಿ, ಕಂಪನಿ ಹೆಸರು ಅಚ್ಚಾದ ಪ್ಲಾಸ್ಟಿಕ್ ಚೀಲದ ಅಕ್ಕಿ. ಮುಂದಿನ ಗಾಡಿಯಲ್ಲಿ ಹೂಮಾಲೆ ಹಾಕಿಸಿಕೊಂಡು ಕೂತದ್ದು ಒಂದೇ ಒಂದು ಅಕ್ಕಿ ಮುಡಿ. ಪಕ್ಕದ ಸೀಟಿನ ಹುಡುಗ "ಅದೆಂತದು ಅಂಕಲ್?" ಅಂದ. ಕೊಣಾಜೆಯಲ್ಲಿ ಇತಿಹಾಸದ ಎಂ.ಎ. ಮಾಡಿದವನ ಹತ್ತಿರ ಹೀಗೆಲ್ಲ ಕೇಳಬಾರದು. ವೇಣೂರು ದಾಟಿದರೂ ನನ್ನ ಉತ್ತರ ಮುಗಿದಿರಲಿಲ್ಲ.

ನಮಗೆ ಆರ್ಥಿಕ ಇತಿಹಾಸ ಅಂತ ಒಂದು ಪೇಪರಿತ್ತು. ಲ್ಯಾಂಕಾಶೈರಿನ ಗಿರಣಿ, ನವರೋಜಿಯವರ ಸಂಪತ್ತಿನ ಸೋರಿಕೆ, ಮನ್ರೋ ಸಾಹೇಬರ ರೈತವಾರಿ, ಎಲ್ಲ ಬಾಯಿಪಾಠ. 1799ರಲ್ಲಿ ಕೆನರಾಕ್ಕೆ ಕಲೆಕ್ಟರಾಗಿ ಬಂದ ಮನ್ರೋ ಮರುವರ್ಷವೇ ಇಲ್ಲಿಂದ ವರ್ಗವಾಗಿ ಹೋದವರು. ಆದರೂ ಅವರಿಗೆ ಹದಿನೈದು ಮಾರ್ಕು. ಮುಡಿಗೆ ಅರ್ಧವೂ ಇಲ್ಲ.

ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನದೇ ಹಗ್ಗ ಸುತ್ತಿ, ಕೊಡತಿಯಿಂದ ಬಡಿದು, ಸಡಿಲಾದಲ್ಲಿ ಮತ್ತೆ ಬಿಗಿಯಬೇಕು. ಅಜ್ಜ ಕಟ್ಟಿದ ಮುಡಿಯನ್ನು ಜಗಲಿಯಿಂದ ಅಂಗಳಕ್ಕೆ ಉರುಳಿಸಿದರೂ ಒಂದು ಕಾಳು ಉದುರುತ್ತಿರಲಿಲ್ಲ. ನಮ್ಮ ಮಳೆಗಾಲವನ್ನು ಅಟ್ಟದಲ್ಲೇ ಕಳೆದ ಅಕ್ಕಿಗೆ ಹುಳ ಹಿಡಿಯುತ್ತಿರಲಿಲ್ಲ. ಗೋಣಿ ಬೇಡ, ಹೊಲಿಗೆ ಬೇಡ, ಕಾಸು ಬೇಡ. ಇಂಥ ಪ್ಯಾಕಿಂಗು ಈಸ್ಟ್ ಇಂಡಿಯಾ ಕಂಪನಿಗೂ ಗೊತ್ತಿರಲಿಕ್ಕಿಲ್ಲ. ಪಕ್ಷಪಾತ ಅನ್ನುವವರು ಅನ್ನಲಿ.

ಗದ್ದೆಯ ಅಳತೆ ಮುಡಿಯಲ್ಲಿ, ಗೇಣಿ ಮುಡಿಯಲ್ಲಿ, ಮದುವೆಗೆ ತಂದ ಸಾಲವೂ ಮುಡಿಯಲ್ಲೇ. ಕರಾವಳಿಯ ಶಾಸನಗಳಲ್ಲಿ ದೇವರಿಗೆ ಬಿಟ್ಟ ಅಕ್ಕಿಯ ಲೆಕ್ಕವೂ ಮೂಡೆ, ಹಾನೆಗಳದೇ. ಗೋವೆಯ ಪೋರ್ಚುಗೀಸರು ಉಣ್ಣುತ್ತಿದ್ದುದು ನಮ್ಮ ಕಡೆಯ ಅಕ್ಕಿ; ಇಲ್ಲಿನ ಅರಸರೊಡನೆ ಅವರು ಮಾಡಿಕೊಂಡ ಕರಾರುಗಳಲ್ಲಿ ಅಕ್ಕಿಯ ಮಾತಿದೆ. ಆದರೆ ಪಠ್ಯಪುಸ್ತಕದಲ್ಲಿ ಮೆರೆಯುವುದು ಕಾಳುಮೆಣಸು ಮಾತ್ರ. ಅಕ್ಕಿ ಉಂಡವರು ಮೆಣಸಿನ ಚರಿತ್ರೆ ಬರೆದರು!

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ವೆಲ್ಲೆಸ್ಲಿಯ ಅಪ್ಪಣೆ ಹೊತ್ತು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಯ ದಾರಿಯಲ್ಲಿ ಬಂದ. ಹೋದಲ್ಲೆಲ್ಲ ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಗೇಣಿಯೆಷ್ಟು ಎಂಬ ವಿಚಾರಣೆ. 1807ರಲ್ಲಿ ಅದೆಲ್ಲ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ರಜೆಯಲ್ಲಿ ಮನೆಗೆ ಬಂದಾಗ ಅದರಿಂದ ಬರೆದುಕೊಂಡ ಟಿಪ್ಪಣಿಗಳನ್ನು ಅಜ್ಜನಿಗೆ ಓದಿ ಹೇಳಿದೆ. ವೀಳ್ಯ ಜಗಿಯುತ್ತಲೇ ಎಲ್ಲ ಕೇಳಿದ ಅಜ್ಜ, "ಅಳೆದದ್ದು ಯಾರ ಸೇರಿನಲ್ಲಿ ಮಾರಾಯಾ?" ಅಂದರು.

ಧಣಿಗಳ ಮನೆಯ ಸೇರು ಪೇಟೆಯ ಸೇರಿಗಿಂತ ತುಸು ದೊಡ್ಡದಂತೆ. ನಮ್ಮ ಮನೆಯಲ್ಲಿ ಅಳೆದ ಮುಡಿ ಅವರ ಚಾವಡಿಗೆ ಹೋದರೆ ಎರಡು ಮೂರು ಸೇರು ಕಮ್ಮಿ. ನನ್ನ ಎರಡು ವರ್ಷದ ನೋಟ್ಸಿನಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಒಂದೂ ಇರಲಿಲ್ಲ.

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು. ಅಜ್ಜ ಡಿಕ್ಲರೇಶನ್ ಕೊಟ್ಟರು, ಗದ್ದೆ ನಮ್ಮದಾಯಿತು, ಧಣಿಗಳಿಗೆ ಮುಡಿ ಹೊರುವುದು ನಿಂತಿತು. ಆಮೇಲೆ ಗದ್ದೆಯೇ ಅಡಿಕೆ ತೋಟವಾಯಿತು. ಹುಲ್ಲೇ ಇಲ್ಲದ ಮೇಲೆ ಮುಡಿ ಕಟ್ಟುವುದೆಲ್ಲಿಂದ?

ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ತುಳು ಬದುಕಿನ ಹಳೆಯ ಸಾಮಾನುಗಳನ್ನು ಕೂಡಿಸಿ ವಸ್ತುಸಂಗ್ರಹಾಲಯವನ್ನೇ ಮಾಡಿದ್ದಾರೆ. ಕಾಗದಪತ್ರಗಳಿಗೂ ಅಂಥ ಅದೃಷ್ಟ ಬರಬೇಕು. ನಿಮ್ಮ ಅಟ್ಟದಲ್ಲಿ ಗೇಣಿ ಚೀಟು, ಮುಡಿ ಲೆಕ್ಕದ ಪುಸ್ತಕ ಇದ್ದರೆ ಬಚ್ಚಲೊಲೆಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಕೊಡಿ. ಹಳೆಯ ಸೇರು ಸಿಕ್ಕಿದರೆ ಅದನ್ನೂ.